ಬಸ್ತಾ ಕಟ್ಟುವ ಕೆಲಸ

ಅಪ್ಪನ ಹಳೆಯ ಕಂಪ್ಯೂಟರು 2022ರ ಬೇಸಿಗೆಯಲ್ಲಿ ಕೆಟ್ಟು ನಿಂತಿತು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಹೊಸದೊಂದು ತರೋಣ ಎಂದು ನಾವು ಬಹಳ ವರ್ಷಗಳಿಂದ ಹೇಳುತ್ತಿದ್ದೆವು, ಅವರು ಒಪ್ಪಿರಲಿಲ್ಲ. ಅವರು ಬರೆದದ್ದೆಲ್ಲ ಅದರೊಳಗಿತ್ತು, ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನಮ್ಮ ಮನೆ ನಾಚಾರಂನಲ್ಲಿ, ಎಚ್‌ಎಂಟಿ ನಗರದ ಹತ್ತಿರ. ಹಬ್ಸಿಗುಡದ ಚೌರಸ್ತಾದಿಂದ ಒಳಕ್ಕೆ ತಿರುಗಿ ಬಂದರೆ ಕಾರ್ಖಾನೆಗಳ ಗೋಡೆಗಳು, ಅವುಗಳ ಹಿಂದೆ ಎನ್.ಟಿ. ರಾಮರಾವ್ ಕಟ್ಟಿಸಿದ ರಾಮಕೃಷ್ಣ ಸ್ಟುಡಿಯೊ, ಮುಂದೆ ಮಲ್ಲಾಪುರ, ಅದರಾಚೆ ಮೌಲಾಲಿಯ ಗುಡ್ಡ. ಅಪ್ಪ ಇಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಊರು ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹೈದರಾಬಾದಿ ಹಿಂದಿ, ಮನೆಯೊಳಗೆ ರಾಯಚೂರಿನ ಕನ್ನಡ. ನಾನು ಬೆಳೆದದ್ದು ಈ ಮೂರರ ನಡುವೆ.

ನಿವೃತ್ತಿಯಾದ ಮೇಲೆ ಅಪ್ಪನಿಗೆ ಬರೆಯುವ ಹಂಬಲ ಹತ್ತಿತು. 2003ರಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡು ಬಂದರು. ಈ ಊರಿನವರ ಬಾಯಲ್ಲಿ ಅದು ಬರೀ ಸಿಟಿಸಿ. ಪೆಂಟಿಯಮ್ ನಾಲ್ಕು, ವಿಂಡೋಸ್ ಎಕ್ಸ್‌ಪಿ, 40 ಜಿಬಿ ಹಾರ್ಡ್ ಡಿಸ್ಕ್. ಬೆಂಗಳೂರಿನಿಂದ ಬಂದ ಬಂಧುಗಳೊಬ್ಬರು ಸಿಡಿಯಲ್ಲಿ ನುಡಿ ತಂತ್ರಾಂಶ ತಂದುಕೊಟ್ಟರು. ಅರವತ್ತು ದಾಟಿದ ಮನುಷ್ಯ ಕೀಲಿಮಣೆಯ ಮುಂದೆ ಕೂತು, ಒತ್ತಕ್ಷರ ಬೇಕಾದಾಗ ಎಫ್ ಗುಂಡಿ ಒತ್ತುವುದನ್ನು ರೂಢಿ ಮಾಡಿಕೊಂಡರು. ಹೈದರಾಬಾದಿನಲ್ಲಿ ಕನ್ನಡ ಮಾತಾಡಿಕೊಂಡು ಬಾಳಿದವರ ಬಗ್ಗೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸಂಜೆಗಳ ಬಗ್ಗೆ, ತಮ್ಮನ್ನು ಈ ಊರಿಗೆ ಕರೆತಂದು ಓದಿಸಿದ ಕಾಕಾನ ಬಗ್ಗೆ ಬರೆದರು. ಒಂದನ್ನೂ ಅಚ್ಚಿಗೆ ಕಳಿಸಲಿಲ್ಲ. ‘ಇನ್ನೊಮ್ಮೆ ತಿದ್ದಬೇಕು’ ಎನ್ನುವುದು ಅವರ ಯಾವತ್ತಿನ ಮಾತಾಗಿತ್ತು.

ಹಾರ್ಡ್ ಡಿಸ್ಕನ್ನು ಹೊರತೆಗೆಯುವುದು ಕಷ್ಟದ ಕೆಲಸವಲ್ಲ. ಡಬ್ಬಿಯ ಪಕ್ಕದ ಹಾಳೆ ಬಿಚ್ಚಿ, ಸ್ಕ್ರೂ ಸಡಿಲಿಸಿದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಭಾರದ ಲೋಹದ ಪೆಟ್ಟಿಗೆ ಕೈಗೆ ಬರುತ್ತದೆ. ಅದರ ಬೆನ್ನಿಗೆ ಅಗಲವಾದ ಚಪ್ಪಟೆ ವೈರು. ಇದು 40 ಪಿನ್ನಿನ ಐಡಿಇ ಮಾದರಿ. ಈಗಿನ ಕಂಪ್ಯೂಟರುಗಳಲ್ಲಿ ಆ ವೈರು ಹಾಕುವ ಜಾಗವೇ ಇಲ್ಲ. ಹೀಗಾಗಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮತ್ತೆ ಸಿಟಿಸಿಗೇ ಹೋದೆ. ಅಲ್ಲೊಬ್ಬ ಹುಡುಗ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕನ್ವರ್ಟರನ್ನೂ, ಡಿಸ್ಕಿಗೆ ಬೇರೆಯಾಗಿ ವಿದ್ಯುತ್ ಕೊಡುವ ಅಡಾಪ್ಟರನ್ನೂ ಒಳಗಿನಿಂದ ಹುಡುಕಿ ತಂದ. ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳಿದ. ಟಕ್ ಟಕ್ ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಹೇಳಿದ, ‘ಪಹಲೇ ಕಾಪಿ ಕರ್‌ಲೋ ಮೇಡಂ, ರಿಪೇರ್ ಕೀ ಬಾತ್ ಬಾದ್ ಮೇ.’

ಆ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ, ತಿರುಗುವ ವೇಗಕ್ಕೆ ಹುಟ್ಟುವ ತೆಳ್ಳನೆಯ ಗಾಳಿಯ ಮೇಲೆ ತೇಲುತ್ತದೆ. ಆ ಅಂತರ ಕೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ವಯಸ್ಸಾದ ಡಿಸ್ಕಿನಲ್ಲಿ ಪ್ರತಿಯೊಂದು ಓದೂ ಕೊನೆಯ ಓದಾಗಬಹುದು. ವಿಂಡೋಸಿನಲ್ಲಿ ಡಿಸ್ಕಿನ ದೋಷ ಸರಿಪಡಿಸುವ ಸಾಧನ ಇದೆ ನಿಜ, ಆದರೆ ಅದು ಸರಿಪಡಿಸುವ ಭರದಲ್ಲಿ ಡಿಸ್ಕಿನ ಮೇಲೆಯೇ ಬರೆಯುತ್ತದೆ, ಕಡತಗಳ ಪಟ್ಟಿಯನ್ನೇ ಬದಲಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅಂಥ ಚಿಕಿತ್ಸೆ ಮಾಡಬಾರದು. ಇದ್ದದ್ದನ್ನು ಇದ್ದ ಹಾಗೇ ಮೊದಲು ಆಚೆ ತರಬೇಕು. ಮನೆಯಲ್ಲಿ ಹಳೆಯ ಡಿಸ್ಕ್ ಇಟ್ಟುಕೊಂಡವರಿಗೆಲ್ಲ ಆ ಹುಡುಗನ ಮಾತನ್ನು ನಾನು ಈಗಲೂ ಹೇಳುತ್ತೇನೆ.

ಹೊಸದಾಗಿ ತಂದ ಕಂಪ್ಯೂಟರಿಗೆ ಜೋಡಿಸಿದಾಗ ಡಿಸ್ಕು ತಿರುಗಿತು. ಫೋಲ್ಡರುಗಳು ಕಂಡವು. ಆದರೆ ಅಪ್ಪನ ಫೋಲ್ಡರ್ ತೆರೆಯಲು ಹೋದರೆ ನಿಮಗೆ ಅನುಮತಿ ಇಲ್ಲ ಎಂಬ ಸಂದೇಶ ಬಂತು. ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ‘ನಂದss ಹೆಸರದ, ನನಗss ಅನುಮತಿ ಇಲ್ಲಂದ್ರ ಹೆಂಗ?’ ಎಂದರು. ವಿಂಡೋಸ್ ಗುರುತು ಹಿಡಿಯುವುದು ಹೆಸರನ್ನಲ್ಲ, ಪ್ರತಿ ಖಾತೆಗೂ ತಾನೇ ಒಳಗೊಳಗೆ ಕೊಟ್ಟಿರುವ ಒಂದು ಉದ್ದನೆಯ ಸಂಖ್ಯೆಯನ್ನು. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆ. ಒಡೆತನವನ್ನು ಹೊಸ ಖಾತೆಗೆ ಬದಲಾಯಿಸಿದ ಮೇಲೆ ಬಾಗಿಲು ತೆರೆಯಿತು.

ತಾರೀಖಿನ ವಿಷಯಕ್ಕೆ ಅಪ್ಪ ಪಟ್ಟು ಹಿಡಿದರು. ಅವರು ಯಾವ ಬರಹದ ಕೆಳಗೂ ದಿನಾಂಕ ಹಾಕಿದವರಲ್ಲ, ಯಾವುದನ್ನು ಯಾವಾಗ ಬರೆದರು ಎನ್ನುವುದಕ್ಕೆ ಫೈಲಿಗೆ ಅಂಟಿಕೊಂಡ ತಾರೀಖೊಂದೇ ಸಾಕ್ಷಿ. ಸಾಮಾನ್ಯವಾಗಿ ಎಳೆದು ನಕಲು ಮಾಡಿದರೆ ಕೊನೆಯ ಬಾರಿ ತಿದ್ದಿದ ದಿನ ಉಳಿಯುತ್ತದೆ, ಫೈಲು ಹುಟ್ಟಿದ ದಿನ ಮಾತ್ರ ನಕಲು ಮಾಡಿದ ದಿನವಾಗಿಬಿಡುತ್ತದೆ. 2005ರಲ್ಲಿ ತಿದ್ದಿದ ಬರಹ 2022ರಲ್ಲಿ ಹುಟ್ಟಿತು ಎಂದು ಕಂಪ್ಯೂಟರು ಹೇಳುತ್ತದೆ. ವಿಂಡೋಸಿನಲ್ಲೇ ಇರುವ ರೋಬೋಕಾಪಿಗೆ ಸರಿಯಾದ ಸೂಚನೆ ಕೊಟ್ಟರೆ ಫೈಲಿನದ್ದೂ ಫೋಲ್ಡರಿನದ್ದೂ ತಾರೀಖುಗಳು ಹಾಗೇ ಬರುತ್ತವೆ. ಹಾಗೇ ತಂದೆವು. ನಕಲು ಮುಗಿದ ಮೇಲೆ ಎರಡೂ ಕಡೆಯ ಫೈಲುಗಳಿಗೆ ಶಾ-256 ಮೊತ್ತ ತೆಗೆದು ಹೋಲಿಸಿದೆ. ಫೈಲಿನೊಳಗೆ ಒಂದೇ ಒಂದು ಚುಕ್ಕೆ ಬದಲಾಗಿದ್ದರೂ 64 ಅಂಕಿ-ಅಕ್ಷರಗಳ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಎಲ್ಲವೂ ತಾಳೆಯಾದವು. ಲೆಕ್ಕಪತ್ರದ ಮನುಷ್ಯನಾದ ಅಪ್ಪನಿಗೆ ಈ ತಾಳೆ ನೋಡುವ ಕೆಲಸ ಬಹಳ ಹಿಡಿಸಿತು.

ಆಮೇಲೆ ಮೊದಲ ಫೈಲನ್ನು ತೆರೆದೆವು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆದವರಿಗೆಲ್ಲ ಆ ದೃಶ್ಯ ಗೊತ್ತಿರುತ್ತದೆ. ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್ಸು, ಸಣ್ಣ ಕ್ಯೂ, ಮತ್ತೆ ಅದೇ ಎ. ಈ ಏಳು ಗುರುತು ಸೇರಿದರೆ ನುಡಿಯಲ್ಲಿ ‘ಕನ್ನಡ’ ಎಂದಾಗುತ್ತದೆ. ಅಂದರೆ ಫೈಲಿನೊಳಗೆ ಕನ್ನಡ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಯುರೋಪಿನ ಅಕ್ಷರಗಳ ಸಂಖ್ಯೆಗಳು, ಆ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸಿ ತೋರಿಸುತ್ತಿದ್ದದ್ದು ಫಾಂಟು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ, ಹಾಗಾಗಿ ಕನ್ನಡವೂ ಇಲ್ಲ. ಶಾ-256 ಹೇಳಿದ್ದು ನಿಜ: ಒಂದು ಚುಕ್ಕೆಯೂ ಕಳೆದಿರಲಿಲ್ಲ. ಆದರೂ ಓದಲು ಏನೂ ಉಳಿದಿರಲಿಲ್ಲ.

ಇದಕ್ಕೆ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಅಂದಿನ ಯಂತ್ರಗಳು ಒಂದು ಫಾಂಟಿಗೆ ಕೊಡುತ್ತಿದ್ದದ್ದು 256 ಜಾಗ. ಕನ್ನಡಕ್ಕೆ ಬೇಕಾದ ಗುಣಿತ, ಒತ್ತುಗಳೆಲ್ಲ ಬಿಡಿಬಿಡಿಯಾಗಿ ಅಷ್ಟರಲ್ಲಿ ಹಿಡಿಸಲಾರವು. ಅಕ್ಷರಗಳನ್ನು ತುಂಡು ಮಾಡಿ, ಒಂದು ತುಂಡಿನ ಪಕ್ಕ ಇನ್ನೊಂದನ್ನು ಕೂಡಿಸಿ ಕನ್ನಡ ಮೂಡುವಂತೆ ಮಾಡಿದವರ ಜಾಣ್ಮೆ, ಶ್ರಮ ಎರಡೂ ದೊಡ್ಡವು. ಕನ್ನಡದ ಉಚ್ಚಾರಕ್ಕೆ ಒಪ್ಪುವ ಹಾಗೆ ಇಂಗ್ಲಿಷ್ ಕೀಲಿಮಣೆಯ ಮೇಲೆ ಅಕ್ಷರಗಳನ್ನು ಹಂಚಿ ಕೊಟ್ಟವರು ಕಿನ್ನಿಕಂಬಳದ ಕೆ.ಪಿ. ರಾವ್. ಅವರ ವಿನ್ಯಾಸವೇ ನುಡಿಯ ಕೀಲಿಮಣೆಗೆ ತಳಹದಿ. ನುಡಿಯನ್ನು ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಜನರಿಗೆ ಉಚಿತವಾಗಿ ಸಿಗುವಂತೆ ಮಾಡಿತು. ಅದಕ್ಕೂ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಹೊರತಂದಿದ್ದರು. ಇವರೆಲ್ಲ ಇಲ್ಲದಿದ್ದರೆ ನಾಚಾರಂನ ಒಬ್ಬ ನಿವೃತ್ತ ನೌಕರ ಕನ್ನಡದಲ್ಲಿ ಒಂದು ಸಾಲನ್ನೂ ಟೈಪಿಸುತ್ತಿರಲಿಲ್ಲ.

ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ 1991ರಲ್ಲೇ ಸಿಕ್ಕಿತ್ತು. ಅಪ್ಪನ ಎಕ್ಸ್‌ಪಿಯಲ್ಲೂ ತುಂಗಾ ಎಂಬ ಯುನಿಕೋಡ್ ಫಾಂಟು ಇತ್ತು. ಆದರೆ ಅದು ಕೆಲಸ ಮಾಡಬೇಕಾದರೆ ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿ, ವಿಂಡೋಸಿನ ಸಿಡಿ ತುರುಕಿ, ಕೆಲವು ಫೈಲು ಸೇರಿಸಬೇಕಿತ್ತು. ಅದನ್ನು ಹೇಳಿಕೊಡುವವರು ನಮ್ಮ ಓಣಿಯಲ್ಲಿ ಯಾರಿದ್ದರು? ಅಚ್ಚಿನ ಮನೆಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರಿಗಂತೂ ಯುನಿಕೋಡ್ ಕನ್ನಡ ಕೊನೆಯವರೆಗೂ ಒಗ್ಗಲಿಲ್ಲ. ಹೀಗೆ ಒಂದು ಇಡೀ ತಲೆಮಾರಿನ ಕನ್ನಡ ಪೌಂಡಿನ ಚಿಹ್ನೆಗಳಲ್ಲಿ, ಓರೆಗೆರೆಯ ಎಗಳಲ್ಲಿ ಕೂತಿದೆ. ಸಂಘಗಳ ನಡಾವಳಿ, ಊರ ಜಾತ್ರೆಯ ಕರಪತ್ರ, ಪಿಎಚ್‌ಡಿ ಪ್ರಬಂಧ, ಮದುವೆಯ ಕರೆಯೋಲೆ, ಎಲ್ಲವೂ.

ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ‘ಇದು ನಮ್ಮ ಕಾಕಾನ ಕಥಿನss ಆತಲ್ಲವ್ವಾ’ ಎಂದರು.

ತೆರೆಯಲು ಹೊರಟಿದ್ದ ಆ ಫೈಲಿನಲ್ಲಿ ಇದ್ದದ್ದು ಅದೇ ಕಥೆ. ಅಪ್ಪನ ಕಾಕಾ ಹೈದರಾಬಾದ್ ಸಂಸ್ಥಾನದ ಕಂದಾಯ ಕಚೇರಿಯಲ್ಲಿ ಗುಮಾಸ್ತರು. ಮನೆಮಾತು ಕನ್ನಡವಾದರೂ ಓದಿದ್ದು ಉರ್ದುವಿನಲ್ಲಿ, ಬರೆದದ್ದು ಉರ್ದುವಿನಲ್ಲಿ. ನಿಜಾಮರ ಆಡಳಿತದ ಭಾಷೆ ಅದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲಂಗಾಣ ಆಂಧ್ರಪ್ರದೇಶಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ, ಬೀದರ, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ. ಜನ ಪಾಲಾದ ಹಾಗೆ ಕಾಗದವೂ ಪಾಲಾಗಬೇಕಿತ್ತು. ಆ ವರ್ಷ ಕಾಕಾನಿಗೆ ಬಿದ್ದ ಕೆಲಸ ಬಸ್ತಾ ಕಟ್ಟುವುದು. ಕಪಾಟಿನಿಂದ ಕಾಗದ ಇಳಿಸಿ, ಊರುಊರಿನದನ್ನು ಬೇರೆ ಮಾಡಿ, ಬಟ್ಟೆಯಲ್ಲಿ ಸುತ್ತಿ, ಮೇಲೆ ಚೀಟಿ ಕಟ್ಟಿ ಕಳಿಸುವುದು. ಅಪ್ಪನಿಗೆ ಆಗ ಹದಿನೈದು ವರ್ಷ. ಸಂಜೆ ಕಾಕಾ ಮನೆಗೆ ಬಂದರೆ ಅಂಗಿಯಿಂದ ಏಳುತ್ತಿದ್ದ ಹಳೆ ಕಾಗದದ ಧೂಳಿಗೆ ಕೆಮ್ಮು ಬರುತ್ತಿತ್ತು ಎಂದು ಬರೆದಿದ್ದಾರೆ.

ಬಸ್ತಾಗಳು ಸುರಕ್ಷಿತವಾಗಿ ಹೋದವು. ಕಾಕಾ ಲೆಕ್ಕ ತಪ್ಪುವವರಲ್ಲ. ಆದರೆ ಮುಂದೆ ಊರಿಗೆ ಹೋದಾಗೆಲ್ಲ ಅವರಿಗೆ ಕಂಡದ್ದು, ಕಾಗದ ಇದ್ದೂ ಓದುವವರಿಲ್ಲದ ಕಚೇರಿಗಳು. ಹೊಸ ರಾಜ್ಯದ ನೌಕರರಿಗೆ ಕನ್ನಡ, ಇಂಗ್ಲಿಷ್ ಬರುತ್ತಿತ್ತು. ಹೊಲದ ಹಳೆಯ ಕಾಗದ ಇದ್ದದ್ದು ಉರ್ದುವಿನಲ್ಲಿ, ಅದೂ ಅಕ್ಷರಕ್ಕೆ ಅಕ್ಷರ ತೊಡರಿಕೊಂಡ ಶಿಕಸ್ತಾ ಕೈಬರಹದಲ್ಲಿ. ವರ್ಷ ಬರೆದದ್ದು ಫಸಲಿಯಲ್ಲಿ. 1355 ಎಂದಿದ್ದರೆ 590 ಕೂಡಿಸಿ 1945 ಎಂದು ತಿಳಿಯಬೇಕು. ತನ್ನ ಹೊಲ ತನ್ನದು ಎಂದು ತೋರಿಸಲು ರೈತ ಉರ್ದು ಬಲ್ಲ ಮುದುಕರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾಯಿತು. ಕಾಕಾ ರಜೆಗೆ ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತು ಜನರ ಕಾಗದ ಓದಿ ಹೇಳುವುದೇ ಕೆಲಸವಾಗುತ್ತಿತ್ತು. ಯಾರ ಕೈಯಿಂದಲೂ ದುಡ್ಡು ಮುಟ್ಟಲಿಲ್ಲವಂತೆ. ‘ಕಟ್ಟಿ ಕಳಿಸಿದವ ನಾನು, ಓದಿ ಹೇಳೋದೂ ನನ್ನ ಮ್ಯಾಲೇ ಅದ’ ಎನ್ನುತ್ತಿದ್ದರಂತೆ.

ಆ ಮಾತಿನ ಹೊಣೆ ನಮ್ಮ ಮೇಲೂ ಬಂತು. ಮೊದಲು ನುಡಿಯ ಹಳೆಯ ಫಾಂಟುಗಳನ್ನು ಹೊಸ ಕಂಪ್ಯೂಟರಿಗೆ ಹಾಕಿದೆ. ಕನ್ನಡ ಮರಳಿ ಮೂಡಿತು. ಆದರೆ ಅದು ಈ ಒಂದು ಯಂತ್ರದಲ್ಲಿ ಮಾತ್ರ. ಲಿಂಗಸುಗೂರಿನ ಬಂಧುಗಳ ಫೋನಿಗೆ ಕಳಿಸಿದರೆ ಮತ್ತೆ ಪೌಂಡು, ಮತ್ತೆ ಓರೆಗೆರೆ. ‘ಕಾಕಾ’ ಎಂದು ಹುಡುಕಿದರೆ ಒಂದೂ ಸಿಗದು. ಯುನಿಕೋಡಿಗೆ ಬದಲಾಯಿಸದೆ ಗತಿಯಿರಲಿಲ್ಲ. ಈ ಕೆಲಸಕ್ಕೂ ಯಾರೋ ಆಗಲೇ ದಾರಿ ಮಾಡಿಟ್ಟಿದ್ದರು. ಗುಬ್ಬಿ, ನವಿಲು ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಹಳೆಯ ನುಡಿ, ಬರಹದ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕವನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ.

ಪರಿವರ್ತನೆ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದಷ್ಟೇ ಎಂದು ತಿಳಿದಿದ್ದೆ. ಹಾಗಿಲ್ಲ. ‘ಕರ್ನಾಟಕ’ವನ್ನೇ ನೋಡಿ. ನುಡಿಯ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ತುಂಡುಗಳು ಕೂತಿರುತ್ತವೆ: ಮೊದಲು ಕ, ಆಮೇಲೆ ನಾ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ಇರುವುದು ಉಚ್ಚರಿಸುವ ಕ್ರಮ: ಕ, ರ್, ನಾ. ಹಾಗಾಗಿ ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಎತ್ತಿ ಅದರ ಅಕ್ಷರದ ಹಿಂದಕ್ಕೆ ಕೂರಿಸಬೇಕು. ಅಪ್ಪನ ಬರಹದಲ್ಲಿ ಕರ್ನಾಟಕ, ಸರ್ಕಾರ, ಉರ್ದು, ವರ್ಷ, ಗುಲಬರ್ಗಾ ಇವಿಲ್ಲದ ಪುಟವಿಲ್ಲ. ಎಲ್ಲವೂ ಸರಿಯಾಗಿ ಬಂದವು. ಏಳು ಗುರುತಿನ ಕನ್ನಡ ಯುನಿಕೋಡಿನಲ್ಲಿ ಐದೇ ಸಂಕೇತಗಳ ಕನ್ನಡವಾಯಿತು: ಕ, ನ, ಹಲಂತ, ನ, ಡ. ಯಾವ ಫೋನಿನಲ್ಲಿ ತೆರೆದರೂ ಅದು ಕನ್ನಡವೇ.

ತೊಂದರೆ ಆದದ್ದು ಇಂಗ್ಲಿಷಿಗೆ. ಅಪ್ಪ ಕನ್ನಡದ ನಡುವೆ ಅಲ್ಲಲ್ಲಿ ವಿಳಾಸಗಳನ್ನು, ಕಾರ್ಖಾನೆಗಳ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬರೆದಿದ್ದರು. ಬರೀ ಪಠ್ಯವನ್ನು ನೋಡುವ ಪರಿವರ್ತಕಕ್ಕೆ ಯಾವ ಪಿ ನಿಜವಾದ ಪಿ, ಯಾವ ಪಿ ಕ ಎಂದು ತಿಳಿಯುವ ಬಗೆ ಇಲ್ಲ. ನಾಚಾರಂ ಎಂಬ ಇಂಗ್ಲಿಷ್ ಹೆಸರಿನ ಮೊದಲ ದೊಡ್ಡ ಎನ್ ‘ಓ’ ಆಗಿ ನಿಂತಿತು, ಉಳಿದದ್ದು ಅರ್ಥವಿಲ್ಲದ ಕನ್ನಡವಾಯಿತು. ಮೂಲ ಫೈಲನ್ನು ತೆರೆದು, ಯಾವ ಪದಕ್ಕೆ ಯಾವ ಫಾಂಟು ಹಾಕಿದೆ ಎಂದು ನೋಡಿ, ಒಂದೊಂದನ್ನೇ ಸರಿಮಾಡಬೇಕಾಯಿತು. ಮೂಲವನ್ನು ಮುಟ್ಟದೆ ಪಕ್ಕದಲ್ಲಿ ಉಳಿಸಿಕೊಂಡದ್ದು ಆಗ ಕೆಲಸಕ್ಕೆ ಬಂತು. ಈಗಲೂ ಪ್ರತಿ ಬರಹ ಎರಡು ರೂಪದಲ್ಲಿದೆ, ಜೊತೆಗೆ ನುಡಿಯ ಫಾಂಟುಗಳನ್ನೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಯುನಿಕೋಡಿಗೆ ತಂದ ಪ್ರತಿಯೊಂದೇ ಸಾಕು ಎಂದು ಮೂಲವನ್ನು ಅಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಪ್ಪ ಕರಡು ತಿದ್ದಲು ಕೂತರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಷ್ಟು ಹೊತ್ತು ಅವರು ಓದಿದ್ದನ್ನು ನಾನು ಕಂಡಿರಲಿಲ್ಲ. ಹೊಸ ಪರದೆಯಲ್ಲಿ ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದಾಗುತ್ತದೆ. ಒಂದೇ ಬರಹಕ್ಕೆ ‘ಅಂತಿಮ’, ‘ಅಂತಿಮ ಹೊಸದು’, ‘ಅಂತಿಮ ಸರಿ’ ಎಂದು ಹಲವು ಫೈಲುಗಳಿದ್ದವು. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಏಕೆಂದರೆ ಆ ಕಾಲದ ನುಡಿಯಿಂದ ಫೈಲಿಗೆ ಕನ್ನಡ ಹೆಸರಿಡಲು ಬರುತ್ತಿರಲಿಲ್ಲ. ಯಾವುದನ್ನು ಇಟ್ಟುಕೊಳ್ಳೋಣ ಎಂದು ಕೇಳಿದೆ. ‘ಎಲ್ಲಾ ಇರಲಿ. ಒಂದೊಂದ್ರಾಗೂ ಕಾಕಾ ಒಂದೊಂದು ಥರಾ ಬಂದಾನ’ ಎಂದರು. ನಿಜವೇ. ಮೊದಲ ಪ್ರತಿಯಲ್ಲಿ ಕಾಕಾ ಸಿಡುಕಿನ ಮನುಷ್ಯ. 2009ರ ಪ್ರತಿಯಲ್ಲಿ ಅದೇ ಸಿಡುಕಿಗೆ ಕಾರಣ ಬಂದಿದೆ, ಮಕ್ಕಳಿಲ್ಲದ ಮನೆಯ ಮಾತು ಬಂದಿದೆ. ತಾರೀಖುಗಳನ್ನು ಉಳಿಸಿಕೊಂಡು ಬಂದದ್ದರಿಂದ, ಅಪ್ಪ ತಮ್ಮ ಕಾಕಾನನ್ನು ಎಷ್ಟು ವರ್ಷ ತೆಗೆದುಕೊಂಡು ಅರ್ಥಮಾಡಿಕೊಂಡರು ಎಂಬುದೂ ನನಗೆ ಕಂಡಿತು.

ಈ ಮಧ್ಯೆ ಓದಿ ತಿಳಿದದ್ದೊಂದನ್ನು ಅಪ್ಪನಿಗೆ ಹೇಳಿದೆ. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ ಹೊರತಂದದ್ದು ಕಾಕಾ ಬಸ್ತಾ ಕಟ್ಟುತ್ತಿದ್ದ 1956ರಲ್ಲೇ. ಎರಡಡಿ ಅಗಲದ 50 ತಟ್ಟೆಗಳು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಪ್ಪನ 40 ಜಿಬಿ ಎಂದರೆ 4000 ಕೋಟಿ. ‘ಕಾಕಾನ ಕಪಾಟಿನಾಗ ಎಷ್ಟಿದ್ವೋ’ ಎಂದು ಅವರು ಲೆಕ್ಕ ಹಾಕತೊಡಗಿದರು.

ಪೇಜ್‌ಮೇಕರಿನ ಒಂದು ಫೈಲು ಮಾತ್ರ ಬಗ್ಗಲಿಲ್ಲ. ಇಲ್ಲಿಯ ಕನ್ನಡಿಗರು ರಾಜ್ಯೋತ್ಸವಕ್ಕೆ ತಂದಿದ್ದ ಸ್ಮರಣ ಸಂಚಿಕೆ ಅದು, ಅಪ್ಪ ಅದರ ಕರಡು ತಿದ್ದಿದ್ದರು. ಅಡೋಬಿ ಆ ತಂತ್ರಾಂಶವನ್ನು ಏಳನೇ ಆವೃತ್ತಿಗೇ ನಿಲ್ಲಿಸಿದೆ. ಕೊನೆಗೆ ಡಿಟಿಪಿ ಅಂಗಡಿಯೊಂದರಲ್ಲಿ ಇನ್ನೂ ಎಕ್ಸ್‌ಪಿ ಯಂತ್ರ ಇಟ್ಟುಕೊಂಡವರು ಸಿಕ್ಕರು. ಅವರು ಅಲ್ಲಿಂದಲೇ ಪಿಡಿಎಫ್ ಮಾಡಿಕೊಟ್ಟರು.

ಎಲ್ಲ ಮುಗಿಯಿತು ಎನ್ನುವಾಗ ಅಪ್ಪ ಟ್ರಂಕಿನಿಂದ ಒಂದು ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟರು. ಕಾಕಾ 1956ರಲ್ಲಿ ತಾವು ಕಟ್ಟಿದ ಬಸ್ತಾಗಳಿಗೆ ತಮಗಾಗಿ ಬರೆದುಕೊಂಡ ಯಾದಿ. ಇಡೀ ಯಾದಿ ಉರ್ದುವಿನಲ್ಲಿದೆ. ಅಪ್ಪನಿಗೆ ಉರ್ದು ಮಾತು ಬರುತ್ತದೆ, ಅಚ್ಚಿನ ಅಕ್ಷರವೂ ತಕ್ಕಮಟ್ಟಿಗೆ ಬರುತ್ತದೆ, ಶಿಕಸ್ತಾ ಬರುವುದಿಲ್ಲ. ಪುಟಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿದೆ. ಅದಷ್ಟೇ ಸಾಲದು ಎಂದು ಈಗ ನಮಗೆ ಗೊತ್ತಿತ್ತು.

ಮೌಲಾಲಿಯ ಕಡೆಯ ನಿವೃತ್ತ ಉರ್ದು ಮೇಷ್ಟ್ರೊಬ್ಬರು ಒಪ್ಪಿಕೊಂಡು ಭಾನುವಾರ ಬರತೊಡಗಿದರು. ಅಪ್ಪನಿಗಿಂತ ಸ್ವಲ್ಪ ಚಿಕ್ಕವರು, ಅಪ್ಪನನ್ನು ‘ಭಾಯಿಸಾಬ್’ ಎನ್ನುತ್ತಾರೆ. ಅವರು ಓದುತ್ತಾರೆ, ಅಪ್ಪ ಕನ್ನಡದಲ್ಲಿ ಹೇಳುತ್ತಾರೆ, ನಾನು ಟೈಪಿಸುತ್ತೇನೆ. ಬಸ್ತಾದ ಸಂಖ್ಯೆ, ಫಸಲಿ ವರ್ಷ, ಕಾಗದದ ಬಗೆ ಇವೆಲ್ಲ ಸರಾಗವಾಗಿ ಸಾಗುತ್ತವೆ. ನಿಲ್ಲುವುದು ಊರ ಹೆಸರುಗಳ ಹತ್ತಿರ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಮೇಷ್ಟ್ರು ‘ಮದಗಲ್’ ಎಂದರೆ ಅಪ್ಪ ‘ಮುದಗಲ್’ ಎನ್ನುತ್ತಾರೆ. ದೊಡ್ಡ ಊರುಗಳಿಗೆ ಇಷ್ಟು ಸಾಕು. ಸಣ್ಣ ಹಳ್ಳಿ ಬಂದರೆ ಇಬ್ಬರೂ ಪುಟದ ಮೇಲೆ ಬಗ್ಗುತ್ತಾರೆ. ಮೇಷ್ಟ್ರು ಅಕ್ಷರದ ಎಲ್ಲ ಸಾಧ್ಯತೆಗಳನ್ನು ಒಂದೊಂದಾಗಿ ಉಚ್ಚರಿಸುತ್ತ ಹೋಗುತ್ತಾರೆ, ಅಪ್ಪ ಆ ಸೀಮೆಯ ರಸ್ತೆಗಳನ್ನು ನೆನೆಸಿಕೊಳ್ಳುತ್ತಾರೆ. ಆಗದಿದ್ದರೆ ಲಿಂಗಸುಗೂರಿಗೆ ಫೋನು. ಹೋದ ಭಾನುವಾರ ಒಂದು ಹೆಸರಿಗೆ ನಾಲ್ಕು ಉಚ್ಚಾರ ಬಂತು, ನಾಲ್ಕನ್ನೂ ಬರೆದುಕೊಂಡಿದ್ದೇನೆ. ಅವುಗಳಲ್ಲಿ ಯಾವುದು ನಿಜವಾದ ಊರು ಎಂದು ಅಲ್ಲಿಯ ಹಿರಿಯರನ್ನು ವಿಚಾರಿಸಿ ಹೇಳುವುದಾಗಿ ಬಂಧುಗಳು ಒಪ್ಪಿದ್ದಾರೆ.